ಹಳೆಯ ಜಾಝ್ ಪ್ಲೇಟುಗಳು: ಕೊಳ್ಳುವುದರಿಂದ ಡಿಜಿಟಲ್ ಪ್ರತಿಯವರೆಗೆ

1920ರ ದಶಕದ ಜಾಝ್ ಪ್ಲೇಟೊಂದನ್ನು ದುಬಾರಿ ಬೆಲೆಗೆ ತರಿಸಿಕೊಳ್ಳುವುದು, ಮನೆಯಲ್ಲಿರುವ ಎಲ್‌ಪಿ (ಆಮೇಲಿನ ಕಾಲದ, ನಿಮಿಷಕ್ಕೆ 33 ಸುತ್ತಿನ ಪ್ಲೇಟು) ಟರ್ನ್‌ಟೇಬಲ್ ಮೇಲಿಟ್ಟು ರೆಕಾರ್ಡ್ ಮಾಡುವುದು, ಗರಗರ ಸದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸುವುದು. ಹೆಚ್ಚಿನವರು ಹಿಡಿಯುವ ದಾರಿ ಇದೇ. ಕೊನೆಗೆ ಸಿಗುವುದು ಬ್ಯಾಂಜೊ ಕಾಣೆಯಾದ, ಕಾರ್ನೆಟ್ ಎಂಬ ಪುಟ್ಟ ಕಹಳೆ ನೀರೊಳಗಿಂದ ಕೇಳಿಸುವಂಥ ಒಂದು ಎಂಪಿ3. ಆಮೇಲೆ ದೂರು ಪ್ಲೇಟಿನ ಮೇಲೆ.

ಪ್ಲೇಟಿನ ತಪ್ಪು ಅಲ್ಲಿ ಕಡಿಮೆ. ಮುಳ್ಳು ತಪ್ಪು, ವೇಗ ತಪ್ಪು, ಈಕ್ವಲೈಸೇಶನ್ (ಕೆಳಸ್ವರ, ಮೇಲ್ಸ್ವರಗಳ ಹದ) ತಪ್ಪು. ಎಲ್ಲಕ್ಕಿಂತ ಹೆಚ್ಚಾಗಿ ಕೆಲಸದ ಕ್ರಮ ತಪ್ಪು. ಸಾಫ್ಟ್‌ವೇರ್ ಕೊನೆಯ ಹಂತದ್ದು, ಅದರ ಪಾಲೂ ಚಿಕ್ಕದು. ಮುಳ್ಳು ಗೆರೆಯಿಂದ ಎತ್ತಿಕೊಳ್ಳದ ಸ್ವರವನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಇಲ್ಲಿ ಹೇಳಿರುವುದೆಲ್ಲ 1917ರಿಂದ 1932ರ ಸುಮಾರಿನ, ನಿಮಿಷಕ್ಕೆ 78 ಸುತ್ತಿನ, 10 ಇಂಚಿನ ಅಮೆರಿಕನ್ ಪ್ಲೇಟುಗಳ ಬಗ್ಗೆ.

ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

78ರ ವೇಗವೂ ಪಿಚ್ (ವೇಗವನ್ನು ತುಸು ಹೆಚ್ಚುಕಡಿಮೆ) ಬದಲಿಸುವ ಗುಂಡಿಯೂ ಇರುವ ಟರ್ನ್‌ಟೇಬಲ್ ಬೇಕು. ಆಡಿಯೊ-ಟೆಕ್ನಿಕಾದ ಎಲ್‌ಪಿ120 ಸಾಲಿನದು ಸಾಕು. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರುಗಳನ್ನು ಮರೆತುಬಿಡಿ. 78ಕ್ಕೆಂದೇ ಮಾಡಿದ ಮುಳ್ಳಿರುವ ಕಾರ್ಟ್ರಿಡ್ಜ್, ಮುಳ್ಳಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಒಂದು ಫೋನೊ ಪ್ರಿಆ್ಯಂಪ್, ಅದನ್ನು ಕಂಪ್ಯೂಟರಿಗೆ ಕೊಡುವ, 24 ಬಿಟ್ ತೆಗೆದುಕೊಳ್ಳುವ ಆಡಿಯೊ ಇಂಟರ್‌ಫೇಸ್, ಮುಳ್ಳಿನ ಭಾರ ಅಳೆಯುವ ಪುಟ್ಟ ತಕ್ಕಡಿ, ವೇಗ ಪರೀಕ್ಷಿಸುವ ಗೆರೆಗಳಿರುವ ಸ್ಟ್ರೋಬ್ ಡಿಸ್ಕ್, ಮೇಕೆ ಕೂದಲಿನ ಮೆತ್ತನೆ ಬ್ರಷ್, ಡಿಸ್ಟಿಲ್ಡ್ ವಾಟರ್, ಪ್ಲೇಟು ಹಾಕಿಡಲು ಹೊಸ ಕಾಗದದ ತೋಳುಗಳು (ಸ್ಲೀವ್). ಸಾಫ್ಟ್‌ವೇರಿಗೆ ಉಚಿತವಾಗಿ ಸಿಗುವ ಆಡಾಸಿಟಿ ಸಾಕು.

ಅಜ್ಜನ ಕಾಲದ ಕೀಲಿ ಕೊಡುವ ಗ್ರಾಮಫೋನ್ ಮನೆಯಲ್ಲಿದ್ದರೆ ಅದು ನೋಡಲಿಕ್ಕಿರಲಿ. ಅದರ ಸೌಂಡ್‌ಬಾಕ್ಸ್ (ಮುಳ್ಳು ಸಿಕ್ಕಿಸುವ ದುಂಡು ತಲೆ) ಪ್ಲೇಟಿನ ಮೇಲೆ 100 ಗ್ರಾಮಿಗಿಂತ ಹೆಚ್ಚು ಭಾರ ಬಿಡುತ್ತದೆ. ಅಪರೂಪದ ಪ್ಲೇಟನ್ನು ಅದರ ಮೇಲೆ ಒಮ್ಮೆ ಹಾಕಿದರೂ ನಷ್ಟವೇ.

1. ಅಪರೂಪದ್ದೋ, ಬರೀ ಹಳೆಯದೋ ನೋಡಿಕೊಳ್ಳಿ

ಹಳೆಯದೆಲ್ಲ ಅಪರೂಪವಲ್ಲ. ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ 1917ರ ಫೆಬ್ರವರಿ 26ರಂದು ಮುದ್ರಿಸಿದ ವಿಕ್ಟರ್ 18255, ಜಾಝ್‌ನ ಮೊದಲ ಪ್ಲೇಟೆಂದೇ ಹೆಸರಾದದ್ದು. ಆ ಕಾಲದಲ್ಲೇ ರಾಶಿ ರಾಶಿ ಮಾರಾಟವಾದ್ದರಿಂದ ಇಂದಿಗೂ ಸಲೀಸಾಗಿ ಸಿಗುತ್ತದೆ. "ಪ್ರಪಂಚದ ಮೊದಲ ಜಾಝ್" ಎಂದು ಹೇಳಿ ದೊಡ್ಡ ಬೆಲೆ ಕೇಳಿದರೆ ಕೊಡಬೇಡಿ. ಕಲಿಯುವ ಕೈಗೆ ಒಳ್ಳೆಯ ಪ್ಲೇಟು, ಅಷ್ಟೆ.

ನಿಜಕ್ಕೂ ಅಪರೂಪದವು ಎರಡು ಗುಂಪು. ಒಂದು, ಇಂಡಿಯಾನಾದ ರಿಚ್ಮಂಡ್‌ನಲ್ಲಿದ್ದ ಜೆನೆಟ್, ವಿಸ್ಕಾನ್ಸಿನ್‌ನ ಪ್ಯಾರಮೌಂಟ್, 1927ರಲ್ಲಿ ಷಿಕಾಗೊದಿಂದ ಬಂದು ಐವತ್ತೈದೋ ಏನೋ ಪ್ಲೇಟುಗಳಿಗೇ ನಿಂತುಹೋದ ಬ್ಲ್ಯಾಕ್ ಪ್ಯಾಟಿ ಮುಂತಾದ ಸಣ್ಣ ಲೇಬಲ್‌ಗಳು, ಅಂದರೆ ಪ್ಲೇಟು ಕಂಪನಿಗಳು. ಇನ್ನೊಂದು, ಆರ್ಥಿಕ ಕುಸಿತದ 1930ರಿಂದ 1932ರ ನಡುವೆ ಹೊರಬಂದ ದೊಡ್ಡ ಕಂಪನಿಗಳ ಪ್ಲೇಟುಗಳು. ಕೊಳ್ಳುವವರೇ ಇಲ್ಲದಿದ್ದ ಆ ವರ್ಷಗಳಲ್ಲಿ ವಿಕ್ಟರ್ 23000 ಸಾಲಿನ ಎಷ್ಟೋ ಪ್ಲೇಟುಗಳು ತೀರಾ ಕಡಿಮೆ ಅಚ್ಚಾದವು.

ಮರುಮುದ್ರಣದ ಬಗ್ಗೆ ಎಚ್ಚರ. 1930ರ ದಶಕದ ಕೊನೆಯಲ್ಲಿ ಯುಎಚ್‌ಸಿಎ, ಎಚ್‌ಆರ್‌ಎಸ್ ಲೇಬಲ್‌ಗಳು ಹಳೆಯ ಜಾಝ್ ಪ್ಲೇಟುಗಳನ್ನು ಮತ್ತೆ ಹೊರತಂದವು. ಮೂಲ ಅಚ್ಚಿನಿಂದಲೇ ಒತ್ತಿದ ಮರುಮುದ್ರಣ ಕೇಳಲು ಎಷ್ಟೋ ಸಲ ಮೂಲಕ್ಕಿಂತ ಚೆನ್ನಾಗಿರುತ್ತದೆ, ಬೆಲೆಯೂ ಕಡಿಮೆ. ಸಂಗೀತವೇ ಮುಖ್ಯ ಎನ್ನುವವರು ಅದನ್ನು ಬಿಡಬಾರದು. ಆದರೆ ಒಂದು ಪ್ಲೇಟನ್ನು ನುಡಿಸಿ ಅದರಿಂದ ಮಾಡಿದ ನಕಲು ಬೇರೆ ಜಾತಿ. ಅದನ್ನು ಕಿವಿಯಿಂದ ಹಿಡಿಯಬಹುದು: ಮುಳ್ಳಿಟ್ಟಾಗ ಮೊದಲು ಒಂದು ಬಗೆಯ ಸುಯ್ ಸದ್ದು, ಹಾಡು ಶುರುವಾಗುವ ಕ್ಷಣದ ಮುಂಚೆ ಅದರ ಮೇಲೆ ಇನ್ನೊಂದು ಗರಗರ ಬಂದು ಕೂರುತ್ತದೆ. ಆ ಎರಡನೆಯದು ಮೂಲ ಪ್ಲೇಟಿನದು.

ಭಾರತದಲ್ಲೇ ಹುಡುಕುವವರಿಗೆ ಒಂದು ಮಾತು. ಮುಂಬೈಯ ಚೋರ್ ಬಜಾರಿನಲ್ಲೋ ಬೆಂಗಳೂರಿನ ಸಂಡೇ ಬಜಾರಿನಲ್ಲೋ 1923ರ ಜೆನೆಟ್ ಸಿಕ್ಕೀತೆಂದು ಕಾಯಬೇಡಿ. ಇಲ್ಲಿ ಕಣ್ಣಿಡಬೇಕಾದ್ದು ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ 1940ರ ದಶಕದ ಮೊದಲ ವರ್ಷಗಳಲ್ಲಿ ಕಲ್ಕತ್ತೆಯಲ್ಲಿ ಕೊಲಂಬಿಯಾಕ್ಕೆ ಮುದ್ರಿಸಿದ ಪ್ಲೇಟುಗಳ ಮೇಲೆ. ಅವನ್ನು ಅಮೆರಿಕದ ಸಂಗ್ರಾಹಕರೇ ಇಲ್ಲಿ ಹುಡುಕುತ್ತಾರೆ.

2. ಗ್ರೇಡ್ ಓದಿ, ಪ್ಯಾಕಿಂಗ್ ಬಗ್ಗೆ ಮೊದಲೇ ಬರೆದು ಕೇಳಿ

78 ಮಾರುವವರು ಸಾಮಾನ್ಯವಾಗಿ ವಿಂಟೇಜ್ ಜಾಝ್ ಮಾರ್ಟ್ ಪತ್ರಿಕೆಯ ಶ್ರೇಣಿ ಬಳಸುತ್ತಾರೆ: ಎನ್ (ನ್ಯೂ), ಇ (ಎಕ್ಸಲೆಂಟ್), ವಿ (ವೆರಿ ಗುಡ್), ಜಿ (ಗುಡ್), ಎಫ್ (ಫೇರ್), ಪಿ (ಪೂರ್). ಜೊತೆಗೆ ಪ್ಲಸ್, ಮೈನಸ್. ಎಲ್‌ಪಿ ಕೊಂಡು ರೂಢಿಯಾದವರು ಎಡವುವುದು ಇಲ್ಲೇ. 'ಜಿ' ಎಂದರೆ ಗುಡ್, ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಈ ಶ್ರೇಣಿಯಲ್ಲಿ 'ಜಿ' ಸಾಕಷ್ಟು ಸವೆದ, ಗದ್ದಲದ ಪ್ಲೇಟು. ಪ್ರತಿ ಮಾಡುವುದಕ್ಕೆ ಕೊಳ್ಳುವುದಾದರೆ 'ವಿ ಪ್ಲಸ್'ಗಿಂತ ಕೆಳಗಿಳಿಯಬೇಡಿ. ಬೇರೆ ಪ್ರತಿಯೇ ಸಿಗದ ಪ್ಲೇಟಾದರೆ ಮಾತು ಬೇರೆ.

ಫೋಟೊದಲ್ಲಿ ಹೊಳಪು ನೋಡಿ ಮರುಳಾಗಬೇಡಿ. ಗೆರೆಗಳು ಬೂದು ಬಣ್ಣಕ್ಕೆ ತಿರುಗಿವೆಯೇ ನೋಡಿ. ಉಕ್ಕಿನ ಮುಳ್ಳು ಗೆರೆಯ ಗೋಡೆಯನ್ನು ಉಜ್ಜಿ ಉಜ್ಜಿ ತೆಗೆದ ಗುರುತು ಅದು, ತೊಳೆದರೆ ಹೋಗುವುದಿಲ್ಲ. ನಡುವಿನ ಕಾಗದದ ಲೇಬಲ್‌ನ ಹತ್ತಿರದ ಗೆರೆಗಳೂ ಕಹಳೆ ಜೋರಾಗುವ ಜಾಗಗಳೂ ಮೊದಲು ಬೂದಾಗುತ್ತವೆ. ಅಡ್ಡ ಗೀರು ಅಷ್ಟು ಕೆಟ್ಟದ್ದಲ್ಲ. ಗೀರಿನ ಟಕ್ ಸದ್ದನ್ನು ಅಳಿಸಬಹುದು, ಸವೆತದ ಒಡಕು ದನಿಯನ್ನು ಅಳಿಸಲಾಗದು.

ಇನ್ನು ಪಾರ್ಸೆಲ್. ಈ ಪ್ಲೇಟುಗಳು ಅರಗಿನವು. ಅರಗಿನ ಪ್ಲೇಟು ಬಾಗುವುದಿಲ್ಲ, ಮುರಿಯುತ್ತದೆ. ನೂರು ವರ್ಷ ಬಾಳಿದ್ದು ಕೊನೆಯ ವಾರದಲ್ಲಿ ಚೂರಾಗುವುದು ಅಂಚೆಯಲ್ಲಿ. ಹಣ ಕಳಿಸುವ ಮುಂಚೆ ಮಾರುವವರಿಗೆ ಬರೆಯಿರಿ: ಪ್ಲೇಟು ಕಾಗದದ ತೋಳಿನಲ್ಲಿರಬೇಕು; ಅದಕ್ಕಿಂತ ದೊಡ್ಡದಾದ ಎರಡು ರಟ್ಟುಗಳ ನಡುವೆ ಜಾರದಂತೆ ಬಿಗಿಯಾಗಿರಬೇಕು; ಒಂದು ರಟ್ಟಿನ ಏಣು ಅಡ್ಡ, ಇನ್ನೊಂದರದು ಉದ್ದ ಇರಬೇಕು; ಆ ಕಟ್ಟಿನ ಸುತ್ತ ಎಲ್ಲ ಕಡೆ ಐದು ಸೆಂಟಿಮೀಟರಾದರೂ ಮೆತ್ತೆ ಇರುವ ಗಟ್ಟಿ ಪೆಟ್ಟಿಗೆ ಬೇಕು. "ನನಗೆ ಗೊತ್ತು, ಚಿಂತಿಸಬೇಡಿ" ಎಂದು ಉತ್ತರ ಬಂದರೆ ಚಿಂತಿಸಿ. ಪ್ಯಾಕ್ ಮಾಡಿದ ಫೋಟೊ ಕೇಳಿ.

3. ಬಂದ ಪ್ಲೇಟನ್ನು ತಟ್ಟಿ ನೋಡಿ, ಅಂಕಿಗಳನ್ನು ಬರೆದಿಡಿ

ಪೆಟ್ಟಿಗೆ ತೆರೆದ ಕೂಡಲೇ ನುಡಿಸಬೇಡಿ. ನಡುವಿನ ತೂತಿಗೆ ಬೆರಳು ಕೊಟ್ಟು ಪ್ಲೇಟನ್ನು ತೂಗುಬಿಟ್ಟು, ಅಂಚಿಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಪ್ಲೇಟು ಸ್ಪಷ್ಟವಾಗಿ ಮೊಳಗುತ್ತದೆ. ಕೂದಲೆಳೆಯ ಬಿರುಕಿದ್ದರೆ ಝರ್ ಎನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವವರಿಗೆ ಈ ಪರೀಕ್ಷೆ ಹೇಳಿಕೊಡಬೇಕಿಲ್ಲ. ಝರ್ ಎಂದರೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಬಿರುಕು ಎಲ್ಲಿಯವರೆಗೆ ಬಂದಿದೆ ನೋಡಿ.

ಆಮೇಲೆ ಲೇಬಲ್‌ನ ಸುತ್ತಲಿನ ಖಾಲಿ ಜಾಗಕ್ಕೆ ಟಾರ್ಚನ್ನು ಅಡ್ಡ ಹಿಡಿದು ಅಲ್ಲಿ ಕೊರೆದಿರುವುದನ್ನೆಲ್ಲ ಬರೆದುಕೊಳ್ಳಿ: ಮ್ಯಾಟ್ರಿಕ್ಸ್ ಸಂಖ್ಯೆ (ಆ ಧ್ವನಿಮುದ್ರಣಕ್ಕೆ ಕಂಪನಿ ಕೊಟ್ಟದ್ದು), ಟೇಕ್ ಸಂಖ್ಯೆ (ಎಷ್ಟನೆಯ ಸಲ ನುಡಿಸಿದ್ದು), ಗುರುತುಗಳು. ಒಂದೇ ಕ್ಯಾಟಲಾಗ್ ಸಂಖ್ಯೆಯಡಿ ಕೆಲವೊಮ್ಮೆ ಬೇರೆ ಬೇರೆ ಟೇಕ್‌ಗಳು ಮಾರಾಟವಾಗಿವೆ, ಆದ್ದರಿಂದ ಲೇಬಲ್ ಮಾತ್ರ ನೋಡಿದರೆ ಸಾಲದು. ಆ ಸಂಖ್ಯೆಯನ್ನು ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ನಡೆಸುವ ಅಮೆರಿಕನ್ ಐತಿಹಾಸಿಕ ಧ್ವನಿಮುದ್ರಣಗಳ ಉಚಿತ ಡಿಸ್ಕೋಗ್ರಫಿ ಪಟ್ಟಿಯಲ್ಲಿ ಹುಡುಕಿದರೆ ಮುದ್ರಣದ ದಿನಾಂಕ, ಊರು ಸಿಗುತ್ತವೆ.

ಈ ಗುರುತುಗಳು ಮುಂದಿನ ಹಂತಕ್ಕೂ ಬೇಕು. ಅಂಡಾಕಾರದೊಳಗೆ 'ವಿಇ' ಎಂದಿದ್ದರೆ ಅದು ವಿಕ್ಟರ್‌ನ ವಿದ್ಯುತ್ ಮುದ್ರಣ. ಕೊಲಂಬಿಯಾದಲ್ಲಿ ವೃತ್ತದೊಳಗಿನ 'ಡಬ್ಲ್ಯು' ಅದನ್ನೇ ಹೇಳುತ್ತದೆ. ಎರಡೂ ಕಂಪನಿ 1925ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್‌ನ ಮೈಕ್ ವಿಧಾನಕ್ಕೆ ಬಂದವು. ಅದಕ್ಕೆ ಮುಂಚಿನವು ಕೊಳವೆಯ ಮುಂದೆ ನಿಂತು ನುಡಿಸಿದವು, ಅಂದರೆ ಅಕೂಸ್ಟಿಕ್. ಜೆನೆಟ್, ಪ್ಯಾರಮೌಂಟ್‌ಗಳು ಇನ್ನೂ ತಡವಾಗಿ ಬದಲಾದವು.

4. ತೊಳೆಯಿರಿ, ಆಲ್ಕೋಹಾಲ್ ಮಾತ್ರ ಮುಟ್ಟಿಸಬೇಡಿ

ಎಲ್‌ಪಿ ತೊಳೆಯುವ ದ್ರವಗಳಲ್ಲಿ ಬಹಳಷ್ಟಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿರುತ್ತಾರೆ. ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಮರಕ್ಕೆ ಪಾಲಿಶ್ ಹಾಕುವವರು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸುವುದು ಇದೇ ಗುಣಕ್ಕಾಗಿ. ಪ್ಲೇಟನ್ನು ಅದರಿಂದ ಒರೆಸಿದರೆ ಬಟ್ಟೆಗೆ ಕಪ್ಪು ಹತ್ತುತ್ತದೆ, ಆ ಕಪ್ಪಿನ ಜೊತೆ ಸಂಗೀತವೂ ಹೋಗುತ್ತದೆ.

ಸರಿಯಾದ ಕ್ರಮ: ಒಣ ಬ್ರಷ್‌ನಿಂದ ಗೆರೆಯ ದಿಕ್ಕಿನಲ್ಲೇ ಧೂಳು ತೆಗೆಯಿರಿ. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಬಣ್ಣ, ವಾಸನೆ ಇಲ್ಲದ ಸೌಮ್ಯ ದ್ರವ ಸೋಪಿನ ಒಂದೆರಡು ಹನಿ ಬೆರೆಸಿ. ಲೇಬಲ್ ಒದ್ದೆಯಾಗದಂತೆ ಗೆರೆಗಳಿಗಷ್ಟೇ ಹಚ್ಚಿ ಬ್ರಷ್ ಆಡಿಸಿ, ಬರೀ ಡಿಸ್ಟಿಲ್ಡ್ ನೀರಿನಿಂದ ಮತ್ತೊಮ್ಮೆ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ನಡೆಯುತ್ತದೆ. ಕೊಳ್ಳುವಾಗ ಆ್ಯಸಿಡ್ ಬೆರೆಸಿದ ಕ್ಯಾನ್ ಅಲ್ಲ ಎಂದು ನೋಡಿಕೊಳ್ಳಿ. ನಲ್ಲಿ ನೀರು ಬೇಡ, ಒಣಗಿದ ಮೇಲೆ ಸುಣ್ಣ ಗೆರೆಯಲ್ಲಿ ಉಳಿಯುತ್ತದೆ. ಬಿಸಿ ನೀರು, ಬಿಸಿಲು ಎರಡೂ ಬೇಡ.

ಇದಕ್ಕೆ ಒಂದು ಹೊರತು: ಕಾಲು ಇಂಚು ದಪ್ಪದ ಎಡಿಸನ್ ಡೈಮಂಡ್ ಡಿಸ್ಕ್. ಅದಕ್ಕೆ ನೀರೇ ತಾಗಬಾರದು. ಒಳಗಿನ ತಿರುಳು ನೀರು ಹೀರಿ ಉಬ್ಬಿ ಮೇಲ್ಪದರ ಬಿರಿಯುತ್ತದೆ.

5. ಮುಳ್ಳು

ಸಮಯವನ್ನೂ ದುಡ್ಡನ್ನೂ ಸುರಿಯಬೇಕಾದದ್ದು ಇಲ್ಲಿ.

ಎಲ್‌ಪಿಯ ಮುಳ್ಳಿನ ತುದಿ ಸುಮಾರು 0.7 ಮಿಲ್ (ಒಂದು ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ). 78ರ ಗೆರೆಗೆ ಬೇಕಾದ್ದು 3 ಮಿಲ್‌ನ ಆಸುಪಾಸು, ಅಂದರೆ ನಾಲ್ಕು ಪಟ್ಟು ದಪ್ಪ. ಎಲ್‌ಪಿ ಮುಳ್ಳು ಹಾಕಿದರೆ ಅದು ಗೋಡೆಗಳನ್ನು ಮುಟ್ಟದೆ ತಳದ ಕಸದಲ್ಲಿ ಹೊರಳಾಡುತ್ತದೆ. ಗರಗರ ತುಂಬಿ ಸಂಗೀತ ತೆಳ್ಳಗಾದರೆ, ಮುಳ್ಳು ಹೊತ್ತ ಟರ್ನ್‌ಟೇಬಲ್‌ನ ಕೈ ಅತ್ತಿತ್ತ ಜಾರಿದರೆ ಮೊದಲ ಅನುಮಾನ ಮುಳ್ಳಿನ ಮೇಲೆ ಬರಲಿ.

ಶುರುವಿಗೆ 3 ಮಿಲ್‌ನ ದುಂಡು ಮುಳ್ಳು ಸಾಕು. ಆಡಿಯೊ-ಟೆಕ್ನಿಕಾದ ವಿಎಂ95ಎಸ್‌ಪಿ ಅಂಥದ್ದು. ಆರ್ಟೊಫೋನ್‌ನ 2ಎಂ 78 ತುಸು ಸಣ್ಣದು, ಸುಮಾರು 2.6 ಮಿಲ್. ವಿಎಂ95ಎಸ್‌ಪಿಗೆ 5 ಗ್ರಾಂ ಭಾರ ಕೊಡಬೇಕು. ಎಲ್‌ಪಿಯಿಂದ ಬಂದವರು ಈ ಅಂಕಿ ನೋಡಿ ಹೆದರಿ 2 ಗ್ರಾಮಿಗೆ ಇಳಿಸುತ್ತಾರೆ. ಅರಗಿನ ಪ್ಲೇಟಿಗೆ ಹಗುರ ಮುಳ್ಳೇ ಅಪಾಯ: ಜೋರಿನ ಸ್ವರ ಬಂದಾಗ ಗೋಡೆ ಬಿಟ್ಟು ಹಾರಿ, ಬಿದ್ದಲ್ಲಿ ಪೆಟ್ಟು ಮಾಡುತ್ತದೆ. ತಯಾರಕರು ಹೇಳಿದ ಭಾರವನ್ನೇ ತಕ್ಕಡಿಯಲ್ಲಿ ಅಳೆದು ಕೊಡಿ.

ಒಂದು ಮುಳ್ಳಿಗೇ ನಿಲ್ಲಬೇಡಿ. ಹಳೆಯ ಉಕ್ಕಿನ ಮುಳ್ಳು ಗೆರೆಯ ಗೋಡೆಯನ್ನು ಒಂದು ಎತ್ತರದಲ್ಲಿ ಸವೆಸಿರುತ್ತದೆ. ಅದಕ್ಕಿಂತ ದಪ್ಪನೆಯದು ಆ ಸವೆತದ ಮೇಲೆ, ಸಣ್ಣದು ಕೆಳಗೆ ಕೂರುತ್ತದೆ. ಅಲ್ಲಿನ ಗೋಡೆ ಇನ್ನೂ ಹೊಸದಾಗಿರಬಹುದು. ಇಂಟರ್ನೆಟ್ ಆರ್ಕೈವ್‌ನ 78ರ ಯೋಜನೆಯಲ್ಲಿ ಒಂದೊಂದು ಬದಿಯನ್ನೂ 2.3, 2.8, 3.3, 3.8 ಮಿಲ್‌ನ ನಾಲ್ಕು ಮುಳ್ಳುಗಳಿಂದ ಪ್ರತಿ ಮಾಡಿರುವುದು ಇದಕ್ಕೇ. ಅಲ್ಲಿಗೆ ಹೋಗಿ ಒಂದೇ ಹಾಡಿನ ನಾಲ್ಕೂ ಪ್ರತಿ ಹೆಡ್‌ಫೋನಿನಲ್ಲಿ ಕೇಳಿ. ಒಂದರಲ್ಲಿ ಕಾರ್ನೆಟ್ ಹರಿದ ಕಾಗದದಂತಿದ್ದು ಇನ್ನೊಂದರಲ್ಲಿ ದುಂಡಗೆ ನಿಂತಿರುತ್ತದೆ. ಪ್ಲೇಟು ಅದೇ, ದಿನ ಅದೇ. ಹೆಚ್ಚು ಪ್ಲೇಟು ಮಾಡುವವರು 2.5, 2.8, 3.5ರ ತುದಿ ಕತ್ತರಿಸಿದ ಮುಳ್ಳುಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳಿ. ತುದಿ ಕತ್ತರಿಸಿದ್ದು ತಳದ ಕಸಕ್ಕೆ ತಾಗುವುದಿಲ್ಲ.

6. ವೇಗ: 78 ಎಂದರೆ 78 ಅಲ್ಲ

1920ರ ದಶಕದಲ್ಲಿ ಎಲ್ಲರೂ ಒಪ್ಪಿದ ವೇಗವೇ ಇರಲಿಲ್ಲ. ಅಕೂಸ್ಟಿಕ್ ಕಾಲದ ವಿಕ್ಟರ್ ಎಷ್ಟೋ ಸಲ 76ರ ಸುತ್ತ, ಕೊಲಂಬಿಯಾ 80ರ ಸುತ್ತ ಓಡಿದೆ. ಜೆನೆಟ್‌ನದು ಆಯಾ ದಿನದ್ದೇ ಲೆಕ್ಕ. 6 ಪ್ರತಿಶತ ಹೆಚ್ಚುಕಡಿಮೆಯಾದರೆ ಅರ್ಧ ಸ್ವರ ವ್ಯತ್ಯಾಸ. 76ರದ್ದನ್ನು 80ರಲ್ಲಿ ಓಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ; ಬ್ಯಾಂಡ್ ಗಡಿಬಿಡಿಯಲ್ಲಿದ್ದಂತೆ ಕೇಳುತ್ತದೆ.

ಮೊದಲು ಟರ್ನ್‌ಟೇಬಲ್ ಸ್ವತಃ ಸರಿ ಓಡುತ್ತಿದೆಯೇ ನೋಡಬೇಕು. ಇಲ್ಲಿ ನಮ್ಮ ದೇಶಕ್ಕೇ ವಿಶೇಷವಾದ ತಪ್ಪೊಂದಿದೆ. ಅಮೆರಿಕದ ಸ್ಟ್ರೋಬ್ ಡಿಸ್ಕ್ 60 ಹರ್ಟ್ಝ್ ಕರೆಂಟಿಗೆ ಮಾಡಿದ್ದು, 92 ಗೆರೆಗಳದ್ದು. ಅದನ್ನು ನಮ್ಮ 50 ಹರ್ಟ್ಝ್ ದೀಪದಡಿ ಇಟ್ಟು ಗೆರೆ ನಿಂತಂತೆ ಕಾಣುವವರೆಗೆ ಪಿಚ್ ತಿರುಗಿಸಿದರೆ ನೀವು 65 ಸುತ್ತಿನಲ್ಲಿರುತ್ತೀರಿ. ನಮಗೆ ಬೇಕಾದ್ದು 77 ಗೆರೆಗಳ ಡಿಸ್ಕ್; ಅದು 77.92ರಲ್ಲಿ ನಿಲ್ಲುತ್ತದೆ. ಮಿನುಗದ ಒಳ್ಳೆಯ ಎಲ್‌ಇಡಿ ಬಲ್ಬಿನಡಿ ಯಾವ ಡಿಸ್ಕೂ ಕೆಲಸಕ್ಕೆ ಬಾರದು, ಹಳೆಯ ತಂತಿ ಬಲ್ಬೋ ನಿಯಾನ್ ದೀಪವೋ ಹಿಡಿಯಿರಿ.

ಆಮೇಲೆ ಶ್ರುತಿ. ಹಾಡಿನಲ್ಲಿ ಪಿಯಾನೊ ಒಂಟಿಯಾಗಿ ಕೇಳುವ ಜಾಗ ಹುಡುಕಿ, ಟ್ಯೂನರ್ ಆ್ಯಪ್‌ನಿಂದ ಸ್ವರ ಅಳೆಯಿರಿ. ಊದುವ ವಾದ್ಯದವರು ತುಟಿಯಿಂದ ಸ್ವರ ಬಗ್ಗಿಸುತ್ತಾರೆ, ಪಿಯಾನೊ ಬಗ್ಗುವುದಿಲ್ಲ. ಕಾರ್ನೆಟ್, ಕ್ಲಾರಿನೆಟ್ ಇರುವ ಬ್ಯಾಂಡುಗಳು ಹೆಚ್ಚಾಗಿ ಬಿ ಫ್ಲಾಟ್, ಇ ಫ್ಲಾಟ್, ಎಫ್, ಎ ಫ್ಲಾಟ್ ಶ್ರುತಿಗಳಲ್ಲಿ ನುಡಿಸುತ್ತಿದ್ದವು. ನಿಮ್ಮ ಅಳತೆ ಇ ಮೇಜರ್ ಎಂದು ತೋರಿಸಿದರೆ ವೇಗ ತಪ್ಪಿರುವ ಸಂಭವವೇ ಹೆಚ್ಚು. ಅರ್ಧ ಸ್ವರ ಇಳಿಸಿದರೆ ಇ ಫ್ಲಾಟ್, ಏರಿಸಿದರೆ ಎಫ್. ಎರಡರಲ್ಲಿ ಯಾವುದೆಂಬುದನ್ನು ಕಂಪನಿಯ ರೂಢಿ ನೋಡಿ ತೀರ್ಮಾನಿಸಬೇಕು. ಕೆಲವು ಪ್ಲೇಟುಗಳ ವಿಷಯದಲ್ಲಿ ಬಲ್ಲವರೇ ಇನ್ನೂ ಜಗಳವಾಡುತ್ತಿದ್ದಾರೆ. ನೀವು ಆರಿಸಿದ ವೇಗವನ್ನು ಬರೆದಿಟ್ಟರೆ ಸಾಕು, ಮುಂದೆ ತಿದ್ದಬಹುದು.

ಸ್ವರ ಅಲೆಯಂತೆ ಏರಿಳಿಯುತ್ತಿದ್ದರೆ, ಕೈ ಸುತ್ತಿಗೊಮ್ಮೆ ಒಳಗೆ ಹೊರಗೆ ತೂಗುತ್ತಿದ್ದರೆ ತೂತು ನಡುವೆ ಇಲ್ಲ ಎಂದರ್ಥ. ತೂತು ಸಡಿಲವಾಗಿದ್ದರೆ ಕೈಯ ತೂಗಾಟ ನಿಲ್ಲುವವರೆಗೆ ಪ್ಲೇಟನ್ನು ಕೂದಲಷ್ಟು ಕೂದಲಷ್ಟು ಸರಿಸಿ. ಬಿಗಿಯಾಗಿದ್ದರೆ ತೂತು ದೊಡ್ಡದು ಮಾಡಲು ಹೋಗಬೇಡಿ.

7. ರೆಕಾರ್ಡ್ ಮಾಡುವಾಗ ಏನನ್ನೂ ತಿದ್ದಬೇಡಿ

24 ಬಿಟ್, 96 ಕಿಲೋಹರ್ಟ್ಝ್, ಸ್ಟೀರಿಯೊ, ವೇವ್ ಫೈಲ್. ಪ್ಲೇಟು ಮೋನೊ ಆಗಿದ್ದರೂ ಸ್ಟೀರಿಯೊದಲ್ಲೇ ತೆಗೆಯಿರಿ. ಎಡ ಚಾನೆಲ್ ಗೆರೆಯ ಒಂದು ಗೋಡೆ, ಬಲ ಚಾನೆಲ್ ಇನ್ನೊಂದು ಗೋಡೆ. ಒಂದು ಹಾಳಾಗಿದ್ದು ಇನ್ನೊಂದು ಚೆನ್ನಾಗಿರುವುದುಂಟು. ಮೂರು ನಿಮಿಷದ ಒಂದು ಬದಿಗೆ ಸುಮಾರು 100 ಎಂಬಿ ಆಗುತ್ತದೆ. ಅತಿ ಜೋರಿನ ಟಕ್ ಕೂಡ ಸೊನ್ನೆ ಡೆಸಿಬೆಲ್ ಮುಟ್ಟದಂತೆ ಮಟ್ಟ ಇಳಿಸಿಡಿ. ಮುಳ್ಳು ಇಳಿಯುವ ಮುಂಚಿನಿಂದ ಎತ್ತಿದ ಮೇಲಿನವರೆಗೆ ಓಡಲಿ. ಹಾಡಿಗೆ ಮುಂಚಿನ ಖಾಲಿ ಗೆರೆಯ ಸದ್ದು ಆಮೇಲೆ ಬೇಕಾಗುತ್ತದೆ.

ಬಿರುಕಿದ್ದು ಮುಳ್ಳು ಹಾರುತ್ತಿದ್ದರೆ 45ರಲ್ಲೋ 33ರಲ್ಲೋ ಓಡಿಸಿ ತೆಗೆದು, ಕಂಪ್ಯೂಟರಿನಲ್ಲಿ ವೇಗ ಏರಿಸಬಹುದು. 45ರಿಂದ 78.26ಕ್ಕೆ (ಅಮೆರಿಕದ 92 ಗೆರೆಗಳ ಸ್ಟ್ರೋಬ್ ಡಿಸ್ಕಿನ ವೇಗ) 1.739 ಪಟ್ಟು.

ಈ ಫೈಲನ್ನು ಎರಡು ಕಡೆ ಉಳಿಸಿ. ಇದೇ ನಿಮ್ಮ ಮೂಲ ಪ್ರತಿ. ಮುಂದಿನದ್ದೆಲ್ಲ ಇದರ ನಕಲಿನ ಮೇಲೆ.

8. ಕಂಪ್ಯೂಟರಿನಲ್ಲಿ: ಆರ್‌ಐಎಎ ಬಿಡಿಸು, ಮೋನೊ ಮಾಡು, ಟಕ್ ತೆಗೆ, ಆಮೇಲೆ ಉಳಿದದ್ದು

ಫೋನೊ ಪ್ರಿಆ್ಯಂಪ್ ಎಲ್‌ಪಿಗಾಗಿ ಇರುವ, ಕೆಳಸ್ವರ ಏರಿಸಿ ಮೇಲ್ಸ್ವರ ಇಳಿಸುವ ಆರ್‌ಐಎಎ ಎಂಬ ತಿದ್ದುಪಡಿ ಹಾಕಿಬಿಟ್ಟಿರುತ್ತದೆ. ನಮ್ಮ ಪ್ಲೇಟುಗಳು ಅದಕ್ಕಿಂತ ದಶಕಗಳಷ್ಟು ಹಳೆಯವು. ಬಿಡಿಸದಿದ್ದರೆ ಕೆಳಸ್ವರ ಗುಮ್ಮೆನ್ನುತ್ತದೆ, ಮೇಲಿನದು ಮಂಕಾಗುತ್ತದೆ. ಆಡಾಸಿಟಿಯ ಫಿಲ್ಟರ್ ಕರ್ವ್‌ನಲ್ಲಿ ಹೀಗೆ ಬಿಂದುಗಳನ್ನಿಡಿ: 50 ಹರ್ಟ್ಝ್‌ಗೆ ಮೈನಸ್ 17 ಡೆಸಿಬೆಲ್, 100ಕ್ಕೆ ಮೈನಸ್ 13.1, 200ಕ್ಕೆ ಮೈನಸ್ 8.2, 500ಕ್ಕೆ ಮೈನಸ್ 2.6, 1000ಕ್ಕೆ ಸೊನ್ನೆ, 2000ಕ್ಕೆ ಪ್ಲಸ್ 2.6, 5000ಕ್ಕೆ ಪ್ಲಸ್ 8.2, 10000ಕ್ಕೆ ಪ್ಲಸ್ 13.7. ಮೇಲಿನದು ಇಷ್ಟು ಏರುವುದರಿಂದ ಮೊದಲೇ ಮಟ್ಟವನ್ನು 15 ಡೆಸಿಬೆಲ್‌ನಷ್ಟು ಇಳಿಸಿಕೊಳ್ಳಿ. 45ರಲ್ಲಿ ಓಡಿಸಿ ತೆಗೆದ ಪ್ಲೇಟಾದರೆ ವೇಗ ಏರಿಸುವ ಮುಂಚೆಯೇ ಇದನ್ನು ಮಾಡಬೇಕು, ಇಲ್ಲವಾದರೆ ಬಿಂದುಗಳೆಲ್ಲ ತಪ್ಪು ಜಾಗದಲ್ಲಿ ಕೂರುತ್ತವೆ.

ನಂತರ ಮೋನೊ. ಎಡ ಮಾತ್ರ, ಬಲ ಮಾತ್ರ, ಎರಡೂ ಕೂಡಿಸಿದ್ದು, ಈ ಮೂರನ್ನೂ ಕೇಳಿ ಚೆನ್ನಾಗಿರುವುದನ್ನು ಇಟ್ಟುಕೊಳ್ಳಿ. ಸಾಮಾನ್ಯವಾಗಿ ಕೂಡಿಸಿದ್ದು ಗೆಲ್ಲುತ್ತದೆ. ಎಡಿಸನ್, ಹಳೆಯ ಪಾಥೆ ಪ್ಲೇಟುಗಳಲ್ಲಿ ಮುಳ್ಳು ಮೇಲೆ ಕೆಳಗೆ ಆಡುವುದರಿಂದ ಒಂದು ಚಾನೆಲನ್ನು ತಲೆಕೆಳಗು ಮಾಡಿ ಕೂಡಿಸಬೇಕು. ಹಾಗೆ ಮಾಡದೆ ಕೂಡಿಸಿ "ಪ್ಲೇಟು ಖಾಲಿ ಇದೆ" ಎಂದವರಿದ್ದಾರೆ.

ಟಕ್ ತೆಗೆಯುವುದು ಈಗ. ಮೇಲಿನ ಸ್ವರಗಳು ಪೂರ್ತಿ ಇರುವಾಗ ಟಕ್‌ಗಳು ಚೂಪಾಗಿ ನಿಲ್ಲುತ್ತವೆ, ಸಾಫ್ಟ್‌ವೇರಿಗೆ ಗುರುತು ಹತ್ತುತ್ತವೆ. ಮೊದಲು ಮೇಲಿನದನ್ನು ಕತ್ತರಿಸಿ ಆಮೇಲೆ ಟಕ್ ಹುಡುಕಿದರೆ ಎಲ್ಲ ಮೊಂಡಾಗಿ ಡ್ರಮ್ಮಿನ ಕಡ್ಡಿ ಯಾವುದು, ಗೀರು ಯಾವುದು ತಿಳಿಯದು. ದೊಡ್ಡ ಟಕ್‌ಗಳನ್ನು ಒಂದೊಂದಾಗಿ ಕೈಯಿಂದಲೇ ತೆಗೆಯಿರಿ.

ಈಗ ಸ್ವರ ತಿದ್ದುವುದು. ಅಕೂಸ್ಟಿಕ್ ಪ್ಲೇಟಿಗೆ ಯಾವ ನಿಗದಿತ ಕರ್ವ್ ಕೂಡ ಇಲ್ಲ, ಕಿವಿಯೇ ಪ್ರಮಾಣ. ವೆಸ್ಟರ್ನ್ ಎಲೆಕ್ಟ್ರಿಕ್ ಕಾಲದ್ದಾದರೆ 250 ಹರ್ಟ್ಝ್‌ನಿಂದ ಕೆಳಗೆ ಏರಿಸಿ: 250ಕ್ಕೆ 3, 125ಕ್ಕೆ 7, 60ರ ಹತ್ತಿರ 12 ಡೆಸಿಬೆಲ್. ಟ್ಯೂಬಾ ಥಟ್ಟನೆ ಎದ್ದು ನಿಲ್ಲುತ್ತದೆ. ಮೇಲಿನ ಕಡೆ 8 ಕಿಲೋಹರ್ಟ್ಝ್‌ನಿಂದ ಮೆಲ್ಲಗೆ ಇಳಿಸಿ. 5ಕ್ಕೇ ಕಡಿದುಹಾಕಿದರೆ ಬ್ಯಾಂಜೊದ ಮೀಟು ಸಾಯುತ್ತದೆ.

ನಾಯ್ಸ್ ರಿಡಕ್ಷನ್ ಎಲ್ಲಕ್ಕಿಂತ ಕೊನೆಗೆ, ಅದೂ 6 ಡೆಸಿಬೆಲ್‌ನಷ್ಟೇ. ಹಾಡಿಗೆ ಮುಂಚಿನ ಖಾಲಿ ಗೆರೆಯನ್ನು ಮಾದರಿಯಾಗಿ ಕೊಡಿ. ಆಮೇಲೆ 'ರೆಸಿಡ್ಯೂ' ಒತ್ತಿ, ತೆಗೆದುಹಾಕುತ್ತಿರುವುದನ್ನು ಮಾತ್ರ ಕೇಳಿ. ಅಲ್ಲಿ ಬರೀ ಸುಯ್ ಇರಬೇಕು. ಆ ಸುಯ್‌ನೊಳಗೆ ಕಾರ್ನೆಟ್‌ನ ರಾಗ ಸಣ್ಣಗೆ ಕೇಳಿದರೂ ನೀವು ಸಂಗೀತವನ್ನೇ ಕಸದ ಬುಟ್ಟಿಗೆ ಹಾಕುತ್ತಿದ್ದೀರಿ. ಇಳಿಸಿ. ಪ್ಯಾರಮೌಂಟ್ ಪ್ಲೇಟಾದರೆ ಜಲ್ಲಿಯಂಥ ಸದ್ದು ಅದರ ಮಿಶ್ರಣದಲ್ಲೇ ಬೆರೆತಿದೆ, ಅದರೊಡನೆ ಹೊಂದಿಕೊಳ್ಳುವುದು ಜಾಣತನ.

9. ಹೆಸರಿಡುವುದು, ಎತ್ತಿಡುವುದು, ಹಂಚುವುದು

ಫೈಲಿನ ಹೆಸರಿನಲ್ಲೇ ಲೇಬಲ್, ಕ್ಯಾಟಲಾಗ್ ಸಂಖ್ಯೆ, ಮ್ಯಾಟ್ರಿಕ್ಸ್, ಟೇಕ್ ಇರಲಿ. ಜೊತೆಗೊಂದು ಪಠ್ಯ ಫೈಲಿನಲ್ಲಿ ಮುಳ್ಳಿನ ಅಳತೆ, ಭಾರ, ವೇಗ, ಹಾಕಿದ ಕರ್ವ್ ಬರೆದಿಡಿ. ಲೇಬಲ್‌ನ ಫೋಟೊ ಅದೇ ಫೋಲ್ಡರಿಗೆ.

ಪ್ಲೇಟನ್ನು ಹೊಸ ತೋಳಿಗೆ ಹಾಕಿ ನೇರ ನಿಲ್ಲಿಸಿ, ಓರೆ ಬೇಡ, ಒಂದರ ಮೇಲೊಂದು ಪೇರಿಸುವುದೂ ಬೇಡ. ನಮ್ಮ ಮಳೆಗಾಲದಲ್ಲಿ ಹಳೆಯ ತೋಳಿನ ಬೂಷ್ಟು ಪ್ಲೇಟಿಗೆ ಹತ್ತುತ್ತದೆ. ಆ ತೋಳಿನ ಮೇಲೆ ಅಂಗಡಿಯ ಹೆಸರೋ ಚಿತ್ರವೋ ಇದ್ದರೆ ಅದನ್ನು ಬೇರೆಯಾಗಿ ಕಾಪಾಡಿ.

ಹಂಚುವ ಮುಂಚೆ ಕಾನೂನು ನೋಡಿಕೊಳ್ಳಿ. ಅಮೆರಿಕದ 2018ರ ಕಾಯ್ದೆಯ ಪ್ರಕಾರ 1923ಕ್ಕೆ ಮುಂಚೆ ಪ್ರಕಟವಾದ ಧ್ವನಿಮುದ್ರಣಗಳು 2022ರ ಜನವರಿ 1ರಂದು ಮುಕ್ತವಾದವು. 1923ರಿಂದ 1946ರವರೆಗಿನವು ನೂರು ವರ್ಷ ತುಂಬಿದಂತೆ ವರ್ಷಕ್ಕೆ ಒಂದೊಂದು ವರ್ಷದವು ಬಿಡುಗಡೆಯಾಗುತ್ತಿವೆ. 1925ರವು 2026ರ ಜನವರಿ 1ರಂದು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಆದರೆ ನೀವು ಏರಿಸುವ ತಾಣ ಅಮೆರಿಕದ್ದಾದರೆ ಅಲ್ಲಿನ ಲೆಕ್ಕವೇ ನಡೆಯುತ್ತದೆ. ರಾಗ, ಸಾಹಿತ್ಯಗಳ ಹಕ್ಕು ಮುದ್ರಣದ ಹಕ್ಕಿನಿಂದ ಬೇರೆ, ಅದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. 1928ರ ಜೂನ್‌ನಲ್ಲಿ ಜಾಝ್ ಕಹಳೆಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಓಕೆ ಕಂಪನಿಗೆ ಮುದ್ರಿಸಿದ್ದು, ಅದೇ ವರ್ಷ ಹೊರಬಂದದ್ದು ನಿಮ್ಮಲ್ಲಿದ್ದರೆ, ಅಮೆರಿಕದಲ್ಲಿ ಸಾರ್ವಜನಿಕವಾಗಿ ಹಂಚಲು 2029ರ ಜನವರಿವರೆಗೆ ಕಾಯಿರಿ.